ಬೀಗ ಬಿದ್ದ ಮನೆಗಳು ಮತ್ತು ಸರ್ಕಾರದ ಹಣ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಊರುಗಳಲ್ಲಿ ಜನರಿಲ್ಲದೆ ಪಾಳುಬಿದ್ದ ಮನೆಗಳು, ಅವುಗಳನ್ನು ಮತ್ತೆ ವಾಸಕ್ಕೆ ತರಲು ಸರ್ಕಾರದ ಹಣ ಬಳಕೆಯಾಗುವ ಮತ್ತು ಬಹುಪಾಲು ಬಳಕೆಯಾಗದೆ ಉಳಿಯುವ ಬಗೆ ಈ ಲೇಖನದ ವಿಷಯ. 2018ರಿಂದೀಚೆಗೆ ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಬೇರೆ ತಾಲ್ಲೂಕುಗಳಾಗಿವೆ. ಇಲ್ಲಿ ಹಳೆಯ ನಾಲ್ಕು ತಾಲ್ಲೂಕುಗಳ ಎಲ್ಲೆಯನ್ನೇ ಹಿಡಿದಿದೆ. ಉತ್ತರದಲ್ಲಿ ಭೀಮಾ, ದಕ್ಷಿಣದಲ್ಲಿ ಕೃಷ್ಣಾ, ನಡುವೆ ಡೋಣಿ ಹರಿದರೂ ಮಳೆಯನ್ನೇ ನಂಬಿ ಬದುಕಿದ ಸೀಮೆಯಿದು. ಬರ ಬಂದರೆ ಜನ ಊರು ಬಿಡುತ್ತಾರೆ, ನೆರೆ ಬಂದರೆ ಮನೆ ಬೀಳುತ್ತದೆ, ಅಣೆಕಟ್ಟಿನ ನೀರು ಏರಿದರೆ ಊರೇ ಎದ್ದು ಹೋಗುತ್ತದೆ. ಮೂರು ಸಂದರ್ಭಗಳಲ್ಲೂ ಸರ್ಕಾರ ಹಣ ಕೊಟ್ಟಿದೆ. ಮನೆಗೆಂದು ಬಂದ ಹಣದ ಬಹುಪಾಲು ಊರ ಹೊರಗಿನ ಖಾಲಿ ಜಾಗದಲ್ಲಿ ಹೊಸ ಮನೆ ಕಟ್ಟಲು ಹೋಗಿದೆ, ಅಗಸಿಯ ಒಳಗಿನ ಹಳೆಯ ಓಣಿ ಹಾಗೆಯೇ ಕುಸಿಯುತ್ತ ಬಂದಿದೆ. ವಸತಿಗೆಂದು ಇಡುವ ಹಣದ ಒಂದು ನಿಶ್ಚಿತ ಪಾಲು ಹಳೆಯ ಮನೆಗಳ ದುರಸ್ತಿಗೂ ಅವುಗಳ ಹಕ್ಕಿನ ಗೊಂದಲ ಬಿಡಿಸುವುದಕ್ಕೂ ಮೀಸಲಾಗಬೇಕು ಎಂಬುದು ಇಲ್ಲಿನ ವಾದ.

ಖಾಲಿ ಮನೆಗಳೆಲ್ಲ ಒಂದೇ ಜಾತಿಯವಲ್ಲ. ಮೊದಲನೆಯದು ಗುಳೆ ಹೋದವರ ಮನೆ. ಸುಗ್ಗಿ ಕೈಕೊಟ್ಟ ವರ್ಷ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಪುಣೆ, ಮುಂಬೈ, ಗೋವಾ, ಮಂಗಳೂರು, ಬೆಂಗಳೂರಿಗೆ ಹೋಗುವ ಕುಟುಂಬಗಳು ಬಾಗಿಲಿಗೆ ಬೀಗ ಹಾಕಿ ಮುದುಕರನ್ನು ಬಂಧುಗಳ ಬಳಿ ಬಿಟ್ಟು ನಡೆಯುತ್ತವೆ. ಲಂಬಾಣಿ ತಾಂಡಾಗಳಲ್ಲಿ ಹಬ್ಬಕ್ಕೆ ತುಂಬಿ ಮತ್ತೆ ಬರಿದಾಗುವ ಮನೆಗಳು ಇಂಥವು. ಎರಡನೆಯದು ವಾಟ್ನಿಯಾಗದೆ, ಅಂದರೆ ಪಾಲಾಗದೆ, ಉಳಿದ ಪಿತ್ರಾರ್ಜಿತ ಮನೆ. ಅಣ್ಣತಮ್ಮಂದಿರು ಹೊರಗೆ ನೆಲೆಸಿ ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ಅದನ್ನು ರಿಪೇರಿ ಮಾಡಲು ಯಾರಿಗೂ ಧೈರ್ಯವಿಲ್ಲ. ಮೂರನೆಯದು ಸರ್ಕಾರವೇ ಕಟ್ಟಿಕೊಟ್ಟು ಯಾರೂ ವಾಸಕ್ಕೆ ಬಾರದ ಮನೆ. ನಾಲ್ಕನೆಯದು ಕಂತಿನ ಹಣ ಸಾಲದೆ ಲಿಂಟಲ್ ಮಟ್ಟದಲ್ಲಿ ನಿಂತುಹೋದ ಮನೆ. ಇದನ್ನು ಪಾಳುಮನೆ ಎಂದು ಯಾರೂ ಕರೆಯುವುದಿಲ್ಲ, ಆದರೆ ಜಾಲಿ ಕಂಟಿ ಅಲ್ಲೂ ಬೆಳೆಯುತ್ತದೆ. ಈ ನಾಲ್ಕಕ್ಕೂ ಒಂದೇ ಮದ್ದು ಎಂದು ಹೊರಟ ಯೋಜನೆ ನಾಲ್ಕನ್ನೂ ಮುಟ್ಟದೆ ಹೋಗುತ್ತದೆ.

ಮಣ್ಣಿನ ಮಾಳಿಗೆಯ ಮನೆ ಹೇಗೆ ಸಾಯುತ್ತದೆಂಬುದನ್ನು ಹತ್ತಿರದಿಂದ ನೋಡಿದರೆ ದುರಸ್ತಿಯ ಮಹತ್ವ ತಿಳಿಯುತ್ತದೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸೀಳಿದ ಕಟ್ಟಿಗೆ, ಅದರ ಮೇಲೆ ಒಂದು ಪದರ ಸೊಪ್ಪು, ಎಲ್ಲಕ್ಕೂ ಮೇಲೆ ಸವುಳು ಮಣ್ಣು. ನೀರು ಹೀರದ ಆ ಮಣ್ಣೇ ಮನೆಯ ಕೊಡೆ. ಮುಂಗಾರಿಗೆ ಮುಂಚೆ ಮನೆಯವರು ಮೇಲೆ ಹತ್ತಿ ಬಿರುಕು ಮುಚ್ಚಬೇಕು, ಹೊಸ ಮಣ್ಣು ಹಾಕಿ ತುಳಿಯಬೇಕು, ನೀರು ಇಳಿಯುವ ದಾರಿ ಬಿಡಿಸಬೇಕು. ಒಂದು ಮಳೆಗಾಲ ಈ ಕೆಲಸ ತಪ್ಪಿದರೆ ಮಾಳಿಗೆಯ ಮೇಲೆ ಹುಲ್ಲು ಹುಟ್ಟುತ್ತದೆ, ಬೇರಿನ ಜಾಡಿನಲ್ಲಿ ನೀರು ಇಳಿಯುತ್ತದೆ. ಮರುವರ್ಷ ಜಂತಿಗೆ ಗೆದ್ದಲು. ಅದರ ಮರುವರ್ಷ ಒಂದು ಮೂಲೆ ಕುಸಿಯುತ್ತದೆ. ಓಣಿಯ ಮನೆಗಳಿಗೆ ನಡುಗೋಡೆ ಸಾಮಾಯಿಕವಾದ್ದರಿಂದ ಬಿದ್ದ ಮನೆಯ ನೀರು ಬಾಳುವ ಮನೆಯ ಗೋಡೆಗೆ ಇಳಿಯುತ್ತದೆ. ಒಳಗೆ ಮರೆತುಹೋದ ಜೋಳದ ಹಗೇವು ಇದ್ದರೆ ನೆಲವೂ ಬಾಯಿ ತೆರೆಯುತ್ತದೆ. ಹೀಗಾಗಿ ಒಂದು ಪಾಳುಮನೆ ಅದರ ಒಡೆಯನೊಬ್ಬನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಪಕ್ಕದವರು ಮಳೆಯ ರಾತ್ರಿ ನಿದ್ದೆಗೆಟ್ಟು ಗೋಡೆಯ ಕಡೆ ನೋಡುತ್ತ ಕೂರುತ್ತಾರೆ. ಸಾರ್ವಜನಿಕ ಹಣ ಇದಕ್ಕೆ ಏಕೆ ಎಂಬ ಪ್ರಶ್ನೆಗೆ ಮೊದಲ ಉತ್ತರ ಆ ನಡುಗೋಡೆಯಲ್ಲಿದೆ.

ಖಾಲಿ ಮನೆಗಳಿಗೆಂದೇ ಸರ್ಕಾರ ಹಣ ತೆಗೆದಿಟ್ಟ ದೊಡ್ಡ ಉದಾಹರಣೆ ಅಮೆರಿಕದ್ದು. 2008ರಲ್ಲಿ ಗೃಹಸಾಲದ ಗುಳ್ಳೆ ಒಡೆದು ಬ್ಯಾಂಕುಗಳು ಜಪ್ತಿ ಮಾಡಿದ ಮನೆಗಳು ಬಡಾವಣೆ ಬಡಾವಣೆಯಾಗಿ ಖಾಲಿ ಬಿದ್ದಾಗ, ಅವನ್ನು ಕೊಂಡು ದುರಸ್ತಿ ಮಾಡಿ ಮಾರಲು ಅಥವಾ ಬಾಡಿಗೆಗೆ ಕೊಡಲು ಸ್ಥಳೀಯ ಸಂಸ್ಥೆಗಳಿಗೆ ಸಂಸತ್ತು 392 ಕೋಟಿ ಡಾಲರ್ ಕೊಟ್ಟಿತು. 2009 ಮತ್ತು 2010ರ ಕಾನೂನುಗಳಿಂದ ಮತ್ತೆ ಹಣ ಬಂದು ಒಟ್ಟು ಮೊತ್ತ 700 ಕೋಟಿ ಡಾಲರಿನ ಹತ್ತಿರ ತಲುಪಿತು. ಇದರಲ್ಲಿ ಕಾಲುಭಾಗ ಆ ಪ್ರದೇಶದ ನಡುಮಟ್ಟದ ಆದಾಯದ ಅರ್ಧಕ್ಕಿಂತ ಹೆಚ್ಚಿಲ್ಲದ ಕುಟುಂಬಗಳಿಗೇ ಸಲ್ಲಬೇಕೆಂದು ಕಾನೂನಿನಲ್ಲೇ ಬರೆದಿತ್ತು. ಮೊದಲ ಕಂತಿನ ಹಣವನ್ನು 18 ತಿಂಗಳಲ್ಲಿ ಗೊತ್ತುಪಡಿಸಬೇಕಿತ್ತು. ಅಷ್ಟರಲ್ಲಿ ಹಕ್ಕುಪತ್ರಗಳ ಗಂಟು ಬಿಡಿಸುವುದೇ ನಗರಸಭೆಗಳಿಗೆ ಕಷ್ಟವಾಯಿತು, ಕೈಯಲ್ಲಿ ನಗದು ಹಿಡಿದ ಹೂಡಿಕೆದಾರರು ಒಳ್ಳೆಯ ಮನೆಗಳನ್ನು ಮೊದಲೇ ಕೊಂಡರು. ಆದರೆ ಮಿಷಿಗನ್‌ನ ಫ್ಲಿಂಟ್ ನಗರವಿರುವ ಜೆನೆಸೀ ಕೌಂಟಿಯಲ್ಲಿ ತೆರಿಗೆ ಬಾಕಿಯ ಪಾಳುಮನೆಗಳನ್ನು ತನ್ನ ಹೆಸರಿಗೆ ಮಾಡಿಕೊಂಡು ದುರಸ್ತಿ ಮಾಡುವ ಭೂಬ್ಯಾಂಕ್ ಆ ಬಿಕ್ಕಟ್ಟಿಗೆ ಮುಂಚೆಯೇ ಇತ್ತು. ಅಂಥ ಸಂಸ್ಥೆ ಇದ್ದ ಕಡೆ ಹಣ ಹಿಡಿಯಲು ಕೈ ಇತ್ತು, ಇಲ್ಲದ ಕಡೆ ಹಣ ಮೊದಲು ಬಂದು ಕೈಗಾಗಿ ಕಾಯಿತು. ಜಪಾನಿನಲ್ಲಿ 2023ರ ವಸತಿ ಸಮೀಕ್ಷೆಯ ಪ್ರಕಾರ ಸುಮಾರು 90 ಲಕ್ಷ ಮನೆಗಳು ಖಾಲಿ ಇವೆ. ಅಲ್ಲಿ 2015ರಿಂದ ಜಾರಿಯಲ್ಲಿರುವ ಕಾನೂನು ಅಪಾಯಕಾರಿ ಪಾಳುಮನೆಯ ಒಡೆಯನಿಗೆ ಎಚ್ಚರಿಕೆ ಕೊಟ್ಟು, ತೆರಿಗೆ ರಿಯಾಯಿತಿ ಹಿಂತೆಗೆದು, ಕೊನೆಗೆ ಕೆಡವುವ ಅಧಿಕಾರವನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟಿದೆ. ಭಾರತದಲ್ಲಿ 2011ರ ಜನಗಣತಿ ಸುಮಾರು 2.46 ಕೋಟಿ ಖಾಲಿ ಮನೆಗಳನ್ನು ಎಣಿಸಿತು. ಆ ಎಣಿಕೆಯ ಮೇಲೆ ನಿಂತ ಯೋಜನೆ ಮಾತ್ರ ಬರಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಬ್ಯಾಂಕ್ ಮನೆ ಜಪ್ತಿ ಮಾಡಿ ಹರಾಜು ಹಾಕುವುದು ಅಪರೂಪ. ಮಣ್ಣಿನ ಮನೆಯನ್ನು ಅಡವಿಟ್ಟುಕೊಳ್ಳಲು ಬ್ಯಾಂಕಿಗೇ ಮನಸ್ಸಿಲ್ಲ. ಆದರೆ ಸಾಲ ಮನೆಗೆ ಬೀಗ ಹಾಕಿಸುವುದಕ್ಕೆ ಜಪ್ತಿಯ ನೋಟಿಸೇ ಬೇಕೆಂದಿಲ್ಲ. 2025ರ ಜನವರಿಯಲ್ಲಿ ಚಾಮರಾಜನಗರ ಮೊದಲಾದ ಜಿಲ್ಲೆಗಳಲ್ಲಿ ಕಿರುಸಾಲ ಕಂಪನಿಗಳ ವಸೂಲಿಗೆ ಹೆದರಿ ಕುಟುಂಬಗಳು ಊರನ್ನೇ ಬಿಟ್ಟ ಸುದ್ದಿ ಬಂದ ಮೇಲೆ, ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು 10 ವರ್ಷದವರೆಗಿನ ಜೈಲುಶಿಕ್ಷೆಯನ್ನು ಗೊತ್ತುಪಡಿಸಿತು. ಈ ಸಾಲದ ಒಂದು ಬೇರು ವಸತಿ ಯೋಜನೆಯಲ್ಲೇ ಇದೆ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ 2016ರಲ್ಲಿ ಬಯಲುಸೀಮೆಯ ಮನೆಗೆ 1.20 ಲಕ್ಷ ರೂಪಾಯಿ ಗೊತ್ತುಮಾಡಿತು. 2024ರಲ್ಲಿ ಇನ್ನೈದು ವರ್ಷಕ್ಕೆ ಮುಂದುವರಿದಾಗಲೂ ಮೊತ್ತ ಅಷ್ಟೇ ಉಳಿಯಿತು. ಸಿಮೆಂಟು, ಕಬ್ಬಿಣ, ಗೌಂಡಿಯ ಕೂಲಿ ಯಾವುದೂ 2016ರಲ್ಲಿ ನಿಂತಿಲ್ಲ. ಹಣದ ಹೆಚ್ಚಿನ ಪಾಲು ತಳಪಾಯ, ಲಿಂಟಲ್, ಛಾವಣಿ ಹೀಗೆ ಹಂತ ಮುಗಿದ ಮೇಲೆ ಬರುತ್ತದೆ. ಮೊದಲು ಕಟ್ಟು, ಆಮೇಲೆ ಪಡೆ ಎಂದಾಗ ಕೈಯಲ್ಲಿ ಕಾಸಿಲ್ಲದವರು ಸಂಘದ ಸಾಲ ಎತ್ತುತ್ತಾರೆ, ಆ ಸಾಲ ತೀರಿಸಲು ಗುಳೆ ಹೋಗುತ್ತಾರೆ. ಮನೆ ಕಟ್ಟಿದ ಸಾಲವೇ ಮನೆಗೆ ಬೀಗ ಹಾಕಿಸುತ್ತದೆ.

ದುರಸ್ತಿಗೆ ಹಣ ಕೊಡುವ ಪರಿಪಾಠ ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. 1985ರಲ್ಲಿ ಹುಟ್ಟಿದ ಇಂದಿರಾ ಆವಾಸ್ ಯೋಜನೆಯಲ್ಲಿ 1999ರಿಂದ ಶೇ 20ರಷ್ಟು ಹಣವನ್ನು ಕಚ್ಚಾ ಮನೆಗಳನ್ನು ಸುಧಾರಿಸಲು ಎತ್ತಿಡಲಾಗಿತ್ತು. ಅದರ ಜಾಗಕ್ಕೆ ಬಂದ ಹೊಸ ಯೋಜನೆ ಹೊಸ ಮನೆಯ ಲೆಕ್ಕವನ್ನಷ್ಟೇ ಇಟ್ಟುಕೊಂಡಿತು. ರಾಜ್ಯದ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆಗಳೂ ಅದೇ ಜಾಡಿನವು. 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹಣವನ್ನು ನೇರವಾಗಿ ಫಲಾನುಭವಿಯ ಖಾತೆಗೆ ಹಾಕುವ, ಹಂತ ಹಂತದ ಫೋಟೊ ಪಡೆಯುವ ಒಳ್ಳೆಯ ವ್ಯವಸ್ಥೆ ಕಟ್ಟಿದೆ. ಅದೇ ವ್ಯವಸ್ಥೆಯಲ್ಲಿ ಹಳೆಯ ಮಾಳಿಗೆಯ ಫೋಟೊಗೂ ಒಂದು ಕಲಂ ಇಡಬಹುದಿತ್ತು. 2019ರ ನೆರೆಯ ನಂತರ ಕರ್ನಾಟಕ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅಲ್ಪಸ್ವಲ್ಪ ಹಾನಿಗೆ 50 ಸಾವಿರ, ನಡುವಿನ ವರ್ಗದಲ್ಲಿ ಉಳಿಸಿಕೊಂಡು ದುರಸ್ತಿ ಮಾಡುವವರಿಗೆ 3 ಲಕ್ಷ, ಕೆಡವಿ ಕಟ್ಟುವವರಿಗೆ 5 ಲಕ್ಷ ಎಂದು ನಿಗದಿ ಮಾಡಿತು. ದುರಸ್ತಿಗೆ ಗಟ್ಟಿ ಮೊತ್ತ ಕೊಡಬಹುದೆಂದು ಸರ್ಕಾರವೇ ಒಪ್ಪಿದ ಸಂದರ್ಭವದು, ಆ ಧಾರಾಳವನ್ನು ಮೆಚ್ಚಬೇಕು. ಆದರೆ ಉಳಿಸಿದರೆ ಕಡಿಮೆ, ಕೆಡವಿದರೆ ಹೆಚ್ಚು ಎಂಬ ಲೆಕ್ಕ ಯಾವ ಕಡೆಗೆ ದೂಡುತ್ತದೆಂಬುದು ಸ್ಪಷ್ಟ. ನಿಂತಿರುವ ಗೋಡೆಯನ್ನು ಯಾರು ಉಳಿಸಿಕೊಂಡಾರು?

ಊರ ಹೊರಗೆ ಹೊಸದಾಗಿ ಕಟ್ಟುವ ದಾರಿ ಎಲ್ಲಿಗೆ ಒಯ್ಯುತ್ತದೆಂಬುದನ್ನು ಈ ಸೀಮೆ ಎರಡು ಸಲ ಕಂಡಿದೆ. 2009ರ ಸೆಪ್ಟೆಂಬರ್ ಕೊನೆಯ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಅವಿಭಜಿತ ತಾಲ್ಲೂಕುಗಳ ಊರೂರಿನಲ್ಲಿ ಮಣ್ಣಿನ ಮನೆಗಳು ಕರಗಿದವು. ಸರ್ಕಾರ, ಮಠಗಳು, ಕಂಪನಿಗಳು ಕೈಜೋಡಿಸಿ ‘ಆಸರೆ’ ಹೆಸರಿನಲ್ಲಿ ಹೊಸ ಮನೆಗಳನ್ನು ಸಾಲುಸಾಲಾಗಿ ಕಟ್ಟಿಸಿದವು. ಉದ್ದೇಶ ದೊಡ್ಡದು, ಕೊಟ್ಟವರ ಮನಸ್ಸೂ ದೊಡ್ಡದು. ಆದರೂ ಅನೇಕ ಕಡೆ ಆ ಮನೆಗಳು ಖಾಲಿ ಉಳಿದವು. ಹೊಲಕ್ಕೆ ದೂರ, ಕುಡಿಯುವ ನೀರಿಲ್ಲ, ಹಕ್ಕುಪತ್ರ ಕೈಗೆ ಬರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಎರಡು ಕೋಣೆಯ ಮನೆಯಲ್ಲಿ ಎತ್ತು ಕಟ್ಟಲು ಜಾಗವಿರಲಿಲ್ಲ. ಇಲ್ಲಿನ ಒಕ್ಕಲಿಗನ ಹಳೆಯ ಮನೆಯಲ್ಲಿ ತಲಬಾಗಿಲು ದಾಟಿದರೆ ಮೊದಲು ಸಿಗುವುದು ಗೋದಲಿ, ಆಮೇಲೆ ಮೆಟ್ಟಿಲೇರಿ ಪಡಸಾಲೆ. ದನ, ಕಾಳು, ಮನುಷ್ಯ ಒಂದೇ ಮಾಳಿಗೆಯ ಕೆಳಗೆ ಬದುಕುವ ಆ ನಕ್ಷೆ ಹೊಸ ಕಾಲೊನಿಯ ಎಂಜಿನಿಯರ್ ಹಾಳೆಯಲ್ಲಿ ಬರಲಿಲ್ಲ. ಜನ ಬಿರುಕು ಬಿಟ್ಟ ಹಳೆಯ ಮನೆಗೇ ಮರಳಿದರು. 2020ರ ಅಕ್ಟೋಬರಿನಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿದಾಗ ಇಂಡಿ, ಆಲಮೇಲ ಕಡೆಯ ದಂಡೆಯ ಊರುಗಳಿಗೆ ಅದೇ ಪ್ರಶ್ನೆ ಮತ್ತೆ ಎದುರಾಯಿತು.

ಎರಡನೆಯ ಪಾಠ ಕೃಷ್ಣೆಯ ಕಡೆಯದು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. 2000ದಲ್ಲಿ ಸುಪ್ರೀಂ ಕೋರ್ಟ್ 519.60 ಮೀಟರ್ ಎತ್ತರಕ್ಕೆ ಒಪ್ಪಿತು. ಹಿನ್ನೀರು ಏರುತ್ತ ಬಂದಂತೆ ದಂಡೆಯ ಊರುಗಳು ಪುನರ್ವಸತಿ ಕೇಂದ್ರಗಳಾಗಿ ದಿಬ್ಬಕ್ಕೆ ಸರಿದವು. ಮಣ್ಣಿನ ಗಡಿಗೆಯ ಗಟ್ಟಿ ಮೊಸರಿಗೆ ಹೆಸರಾದ ಕೊಲ್ಹಾರದ ಹಳೆಯ ಊರು ಹೀಗೆ ನೀರಿಗೆ ಹೋಗಿ ಹೊಸ ಕೊಲ್ಹಾರ ಎದ್ದಿತು. ಪುನರ್ವಸತಿ ಕೇಂದ್ರಗಳಿಗೆ ಅಗಲ ರಸ್ತೆ, ಶಾಲೆ, ಗುಡಿಯ ಜಾಗ ಎಲ್ಲ ಬಂತು. ಆದರೆ ಪರಿಹಾರದ ಹಣ ಒಮ್ಮೆ ಕೈಸೇರಿದ ಮೇಲೆ ಹೊಲ ಕಳೆದುಕೊಂಡವರಿಗೆ ಅಲ್ಲಿ ಮಾಡಲು ಕೆಲಸವೇ ಇರಲಿಲ್ಲ. ನಿವೇಶನ ಪಡೆದವರಲ್ಲಿ ಎಷ್ಟೋ ಕುಟುಂಬ ಬೇರೆ ಊರು ಹಿಡಿದವು, ನಿವೇಶನಗಳ ನಡುವೆ ಕಂಟಿ ಬೆಳೆಯಿತು. ಅಣೆಕಟ್ಟಿನ ಮುಳುಗಡೆಯಲ್ಲಿ ಹಳೆಯ ಮನೆ ದುರಸ್ತಿಯ ಮಾತು ಬರುವಂತಿಲ್ಲ, ನೀರು ಬಂದಲ್ಲಿ ಏಳಲೇಬೇಕು. ಆದರೆ ಏಳಬೇಕಾಗಿಲ್ಲದ ಊರಿಗೂ ಅದೇ ಕಾಲೊನಿಯ ಮಾದರಿಯನ್ನು ಹೊರಿಸಿದ್ದು ತಪ್ಪು.

ಮಣ್ಣಿನ ಮನೆ ಅಪಾಯಕಾರಿ, ಅದಕ್ಕೆ ಹಣ ಸುರಿಯುವುದು ಸಾವಿಗೆ ಸಾಲ ಕೊಟ್ಟಂತೆ ಎಂಬುದು ಎಂಜಿನಿಯರುಗಳ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಸೀಮೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸುಮಾರು ಹತ್ತು ಸಾವಿರ ಜನರನ್ನು ಕೊಂದದ್ದು ಕಲ್ಲು-ಮಣ್ಣಿನ ಗೋಡೆ ಮತ್ತು ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ಆದರೆ ಅದಕ್ಕೆ ಮಹಾರಾಷ್ಟ್ರ ಕೊಟ್ಟ ಉತ್ತರವನ್ನೂ ಪೂರ್ತಿ ಓದಬೇಕು. ವಿಶ್ವಬ್ಯಾಂಕಿನ ನೆರವಿನ ಆ ಕಾರ್ಯಕ್ರಮದಲ್ಲಿ 52 ಹಳ್ಳಿಗಳನ್ನು ಬೇರೆಡೆ ಕಟ್ಟಿದ್ದು ಒಂದು ಭಾಗ. ಅದಕ್ಕಿಂತ ಎಷ್ಟೋ ಪಾಲು ಹೆಚ್ಚು, ಒಂದೂವರೆ ಲಕ್ಷಕ್ಕೂ ಮೀರಿದ ಮನೆಗಳನ್ನು ಇದ್ದಲ್ಲೇ ರಿಪೇರಿ ಮಾಡಿ ಬಲಪಡಿಸಿದ್ದು ಇನ್ನೊಂದು ಭಾಗ. ಮಾಳಿಗೆಯ ಮಣ್ಣಿನ ಭಾರ ಇಳಿಸುವುದು, ಗೋಡೆಗಳನ್ನು ಸುತ್ತ ಕಾಂಕ್ರೀಟ್ ಪಟ್ಟಿಯಿಂದ ಬಿಗಿಯುವುದು, ಎರಡು ಪದರದ ಕಲ್ಲುಗೋಡೆಯನ್ನು ಅಡ್ಡಕಲ್ಲಿನಿಂದ ಹೊಲಿಯುವುದು: ಇಂಥ ಕೆಲಸ ಊರ ಗೌಂಡಿಗೆ ಕಲಿಸಿದರೆ ಬರುವಂಥದ್ದು. ಹಳ್ಳಿಯ ಹೆಂಗಸರೇ ಸಂವಾದ ಸಹಾಯಕರಾಗಿ ಮನೆಮನೆಗೆ ಹೋಗಿ ಹಣ ಹೇಗೆ ಬರುತ್ತದೆ, ಏನು ಕಟ್ಟಬೇಕು ಎಂದು ತಿಳಿಹೇಳಿದರು. ಆ ಸೀಮೆ ಇಂಡಿಯಿಂದ ಬಹುದೂರವಿಲ್ಲ, ಕರಿಮಣ್ಣೂ ಮಾಳಿಗೆಯೂ ಎರಡೂ ಕಡೆ ಒಂದೇ. ವಿಜಯಪುರದಲ್ಲೇ ಇನ್ನೂ ಹಳೆಯ ದೃಷ್ಟಾಂತವಿದೆ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ ಬ್ರಿಟಿಷ್ ಆಡಳಿತ ಪಾಳುಬಿದ್ದ ಆದಿಲಶಾಹಿ ಅರಮನೆಗಳನ್ನೇ ರಿಪೇರಿ ಮಾಡಿಕೊಂಡು ಕಚೇರಿ, ಬಂಗಲೆ ಮಾಡಿಕೊಂಡಿತು. ಚೀನಿ ಮಹಲ್, ಅದಾಲತ್ ಮಹಲ್, ಆನಂದ ಮಹಲ್ ಹೀಗೆ ಮತ್ತೆ ಜೀವ ಪಡೆದವು. ಸ್ಮಾರಕದ ದೃಷ್ಟಿಯಿಂದ ಅದರಲ್ಲಿ ಕೆಟ್ಟದ್ದೂ ಆಯಿತು, ಅದು ಬೇರೆ ಚರ್ಚೆ. ಹಳೆಯ ಗೋಡೆಗೆ ಸರ್ಕಾರಿ ಹಣ ಹಾಕಬಾರದೆಂಬ ನಿಯಮವೇನೂ ಈ ಜಿಲ್ಲೆಗೆ ಹುಟ್ಟಿನಿಂದ ಬಂದದ್ದಲ್ಲ ಎಂಬುದಷ್ಟೇ ಇಲ್ಲಿ ಬೇಕಾದ ಮಾತು.

ಹಣಕ್ಕಿಂತ ಗಟ್ಟಿಯಾದ ಗಂಟು ಹಕ್ಕಿನದು. ಗಾಂವಠಾಣದೊಳಗಿನ, ಅಂದರೆ ಊರಿನ ವಾಸದ ಜಾಗದೊಳಗಿನ, ಮನೆಗಳಿಗೆ ತಲೆಮಾರುಗಳ ಕಾಲ ಸರಿಯಾದ ಅಳತೆಯೇ ಇರಲಿಲ್ಲ. 2013ರಲ್ಲಿ ಪಂಚಾಯಿತಿ ಆಸ್ತಿ ದಾಖಲೆಯ ಇ-ಸ್ವತ್ತು ವ್ಯವಸ್ಥೆ ಬಂತು. ನಮೂನೆ 9 ಮತ್ತು 11 ಇಲ್ಲದೆ ಮಾರಾಟವಿಲ್ಲ, ಸಾಲವಿಲ್ಲ ಎಂದಾಯಿತು. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಮನೆಮನೆಯ ಅಳತೆ ಹಿಡಿಯಲಾಗುತ್ತಿದೆ. ಇದು ದೊಡ್ಡ ಹೆಜ್ಜೆ. ಡ್ರೋನಿಗೆ ಗೋಡೆ ಕಾಣುತ್ತದೆ, ಆ ಗೋಡೆಯ ಏಳು ಜನ ವಾರಸುದಾರರು ಕಾಣುವುದಿಲ್ಲ. ಅಳತೆಯ ಬೆನ್ನಿಗೇ ಪೋತಿ ವಾರಸಾ ಮತ್ತು ವಾಟ್ನಿಯನ್ನು ಊರಿನಲ್ಲೇ, ಜಾತ್ರೆಗೋ ದೀಪಾವಳಿಗೋ ಗುಳೆ ಹೋದವರು ಬಂದಾಗಲೇ ಕುಳಿತು ಮುಗಿಸುವ ವ್ಯವಸ್ಥೆ ಬೇಕು. ತಾಂಡಾಗಳಲ್ಲಿ ಇದು ಸಾಧ್ಯವೆಂದು ತೋರಿದೆ. ಕಂದಾಯ ಗ್ರಾಮಗಳಾಗಿ ಪರಿವರ್ತನೆಯಾದ ತಾಂಡಾಗಳ ಕುಟುಂಬಗಳಿಗೆ, ವಿಜಯಪುರವೂ ಸೇರಿ ಐದು ಜಿಲ್ಲೆಗಳಲ್ಲಿ ಸುಮಾರು 50 ಸಾವಿರ ಹಕ್ಕುಪತ್ರಗಳನ್ನು 2023ರ ಜನವರಿ 19ರಂದು ಮಳಖೇಡದ ಸಮಾರಂಭದಲ್ಲಿ ಕೊಡಲಾಯಿತು. ಮನಸ್ಸು ಮಾಡಿದರೆ ಕಾಗದ ಮನೆಯ ಬಾಗಿಲಿಗೆ ಬರುತ್ತದೆ.

ಇನ್ನೊಂದು ಆಕ್ಷೇಪ ಜಾತಿಯದು, ಮತ್ತು ಅದೇ ಅತ್ಯಂತ ಕಠಿಣವಾದದ್ದು. ಅಗಸಿಯೊಳಗಿನ ದೊಡ್ಡ ಮನೆಗಳು, ವಾಡೆಗಳು ಬಹುಪಾಲು ಹೊಲವುಳ್ಳವರವು. ದಲಿತ ಕೇರಿ ಊರಂಚಿನಲ್ಲಿದೆ, ಅಲ್ಲಿನ ಅನೇಕರಿಗೆ ಪಾಳುಬೀಳಲು ಮನೆಯೇ ಇರಲಿಲ್ಲ. ದುರಸ್ತಿಗೆ ಹಣ ಎಂದರೆ ಇದ್ದವರಿಗೇ ಇನ್ನಷ್ಟು ಎಂದಾಗುವ ಭಯ ಸುಳ್ಳಲ್ಲ. ಸರ್ಕಾರದ ವಸತಿ ಯೋಜನೆಗಳ ಜನತಾ ಮನೆ, ಆಶ್ರಯ ಪ್ಲಾಟುಗಳು ಊರ ಹೊರಗೆ ಬಂದರೂ ಭೂಹೀನರಿಗೆ ಮೊದಲ ಬಾರಿ ಸ್ವಂತ ಸೂರು ಕೊಟ್ಟವು, ಆ ಸಾಧನೆಯನ್ನು ಕಿರಿದು ಮಾಡುವ ವಾದ ಇದಲ್ಲ. ಇದಕ್ಕೆ ಉತ್ತರ ಹಣದ ಷರತ್ತಿನಲ್ಲಿದೆ. ಅಮೆರಿಕದ ಕಾನೂನು ಕಾಲುಭಾಗವನ್ನು ಬಡವರಿಗೆ ಕಟ್ಟಿಟ್ಟಂತೆ ಇಲ್ಲಿಯೂ ಪರಿಶಿಷ್ಟರಿಗೆ, ಭೂಹೀನರಿಗೆ ಪಾಲು ಮೊದಲೇ ಬರೆಯಬೇಕು. ಕೇರಿಯ, ತಾಂಡಾದ ಹಳೆಯ ಜನತಾ ಮನೆಗಳ ಸೋರುವ ಛಾವಣಿಯನ್ನು ದುರಸ್ತಿಯ ಪಟ್ಟಿಯಲ್ಲಿ ಮೊದಲಿಡಬೇಕು. ವಾರಸುದಾರರು ಬಿಟ್ಟುಕೊಟ್ಟ ಅಥವಾ ಯಾರೂ ಕೇಳದ ಜಾಗಗಳನ್ನು ಪಂಚಾಯಿತಿ ಕೊಂಡು ನಿವೇಶನವಿಲ್ಲದವರಿಗೆ ಕೊಡಬೇಕು. ಊರೊಳಗಿನ ಓಣಿಯಲ್ಲಿ ದಲಿತ ಕುಟುಂಬಕ್ಕೆ ಜಾಗ ಎಂದಾಗ ಎದುರಾಗುವ ವಿರೋಧವನ್ನು ಕಣ್ಣುಮುಚ್ಚಿ ಮರೆಯುವಂತಿಲ್ಲ. ಅಂಥ ಕಡೆ ಆಡಳಿತ ಬೆನ್ನಿಗೆ ನಿಲ್ಲದಿದ್ದರೆ ಈ ಭಾಗ ಕಾಗದದಲ್ಲೇ ಉಳಿಯುತ್ತದೆ.

ಪುಣೆಯಲ್ಲಿ ದುಡಿಯುವವನ ಬೀಗ ಹಾಕಿದ ಮನೆಗೆ ಊರಿನವರ ತೆರಿಗೆ ಹಣ ಏಕೆ ಎಂದು ಕೇಳುವವರಿಗೆ ಹೇಳಬೇಕಾದದ್ದು ಇಷ್ಟು. ಹಣವನ್ನು ಮನೆಯ ಮೇಲಿನ ಬಾಧ್ಯತೆಯಾಗಿ ಕೊಡಬಹುದು. ಒಡೆಯ ಮರಳಿ ಬಂದು ವಾಸಿಸಿದರೆ ಅನುದಾನ. ಬಾರದಿದ್ದರೆ ಕೆಲವು ವರ್ಷ ಪಂಚಾಯಿತಿ ಅದನ್ನು ಅಂಗನವಾಡಿ ಕಾರ್ಯಕರ್ತೆಗೋ, ಶಾಲೆಯ ಮೇಷ್ಟ್ರಿಗೋ, ಮನೆಯಿಲ್ಲದವರಿಗೋ ಬಾಡಿಗೆಗೆ ಕೊಟ್ಟು ಹಣ ತೀರಿಸಿಕೊಳ್ಳಬೇಕು. ಮಾರಿದರೆ ಬಂದ ಹಣದಲ್ಲಿ ಮೊದಲು ಸರ್ಕಾರದ ಪಾಲು ತೀರಬೇಕು. ಕೆಲಸವಿಲ್ಲದ ಊರಿಗೆ ಮನೆ ರಿಪೇರಿ ಮಾಡಿದರೇನು, ಯಾರು ಬರುತ್ತಾರೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನೀರು ಬದಲಿಸುತ್ತಿದೆ. ಮುಳವಾಡ, ಚಿಮ್ಮಲಗಿ ಏತ ನೀರಾವರಿಯ ಕಾಲುವೆಗಳು, ನಾರಾಯಣಪುರ ಎಡದಂಡೆಯ ಇಂಡಿ ಶಾಖಾ ಕಾಲುವೆ ಒಣಹೊಲಕ್ಕೆ ನೀರು ತಂದ ಕಡೆ ಹೊಲದ ಕೆಲಸ ಹೆಚ್ಚಿದೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಬಂದಿದೆ. ಗುಳೆಯಿಂದ ಮರಳಿ ಹೊಲ ಹಿಡಿಯಬೇಕೆಂದವನಿಗೆ ಮೊದಲು ಎದುರಾಗುವುದು ಬಿದ್ದ ಮನೆ. ಅದನ್ನು ಎಬ್ಬಿಸಲು ಮತ್ತೆ ಸಾಲ ಮಾಡಬೇಕೆಂದರೆ ಅವನು ಮರಳಿ ಬಸ್ಸು ಹತ್ತುತ್ತಾನೆ.

ಈ ವಾದಕ್ಕೆ ತಕ್ಷಣದ ಪರೀಕ್ಷೆ ಎದುರಿಗಿದೆ. ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿ ಕೊಟ್ಟಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಜಮೀನಿಗೆ 30 ಲಕ್ಷ ರೂಪಾಯಿ ಗೊತ್ತುಮಾಡಿದೆ. ಹಿನ್ನೀರಿನ 20 ಗ್ರಾಮಗಳು ಏಳಬೇಕಾಗುತ್ತದೆ. ಜಮೀನಿನ ದರದ ಬಗ್ಗೆ ಆದಷ್ಟು ಚರ್ಚೆ ಮನೆಯ ನಕ್ಷೆಯ ಬಗ್ಗೆ ಆಗಿಲ್ಲ. ಆ ಊರುಗಳಲ್ಲಿ ನೂರು ವರ್ಷದ ತೇಗದ ಕಂಬಗಳಿವೆ, ಕೆತ್ತಿದ ಬಾಗಿಲ ಚೌಕಟ್ಟುಗಳಿವೆ, ಇನ್ನೂ ಗಟ್ಟಿಯಾದ ತೊಲೆ ಜಂತಿಗಳಿವೆ. ಅವನ್ನು ಕಿತ್ತು ಸಾಗಿಸುವ ಖರ್ಚನ್ನು ಪರಿಹಾರದಲ್ಲಿ ಸೇರಿಸಬೇಕು. ಹೊಸ ಕೇಂದ್ರದ ಮನೆಯ ಅಳತೆಯನ್ನು ಹಳೆಯ ತೊಲೆಯ ಉದ್ದಕ್ಕೆ ಹೊಂದುವಂತೆ ಮೊದಲೇ ಇಟ್ಟುಕೊಳ್ಳಬೇಕು. ತಲಬಾಗಿಲಿನ ಒಳಗೆ, ಪಡಸಾಲೆಯ ಕೆಳಗೆ, ಎರಡು ಎತ್ತು ನಿಲ್ಲುವಷ್ಟು ಗೋದಲಿಗೆ ಜಾಗ ಬಿಡಬೇಕು.